ಬೇಯಿಸಿದ ಬೀಜ, ಮೊಳೆಯುವ ಗಡ್ಡೆ

ಹಳೇಬೀಡಿನ ಹೊಯ್ಸಳೇಶ್ವರ ಗುಡಿಯ ಗೈಡುಗಳು ಆನೆಯ ಸಾಲು, ಸಿಂಹದ ಸಾಲು, ಕುದುರೆಯ ಸಾಲು ಎಂದು ಹೊರಗೋಡೆಯನ್ನು ಕೆಳಗಿನಿಂದ ಮೇಲಕ್ಕೆ ಎಣಿಸುತ್ತಾ ಹೋಗಿ, ಒಂದು ವಿಗ್ರಹದ ಮುಂದೆ ತಟಕ್ಕನೆ ನಿಲ್ಲುತ್ತಾರೆ. "ಕೈಯಲ್ಲಿ ಏನಿದೆ ನೋಡಿ ಸಾರ್. ಮುಸುಕಿನ ಜೋಳ!" ನೋಡಿದರೆ ಹೌದು ಅನಿಸುತ್ತದೆ. ಉದ್ದನೆಯ ತೆನೆ, ಅದರ ಮೈತುಂಬ ಸಾಲು ಸಾಲು ಕಾಳು. ಆದರೆ ಮುಸುಕಿನ ಜೋಳ ಅಮೆರಿಕ ಖಂಡದ ಬೆಳೆ. ಕೊಲಂಬಸ್ ಅಲ್ಲಿಗೆ ಹೋದದ್ದು 1492ರಲ್ಲಿ, ಈ ಗುಡಿ ಎದ್ದದ್ದು 12ನೇ ಶತಮಾನದಲ್ಲಿ. ಕಾರ್ಲ್ ಜೊಹಾನೆಸ್ಸನ್ ಮತ್ತು ಆನ್ ಪಾರ್ಕರ್ ಎಂಬ ಸಂಶೋಧಕರು ಹೊಯ್ಸಳ ಶಿಲ್ಪಗಳಲ್ಲಿರುವುದು ಜೋಳದ ತೆನೆಯೇ ಎಂದು 1989ರಲ್ಲಿ ವಾದಿಸಿದರು. ನಮ್ಮ ಜೋಳತಜ್ಞರಾದ ಪಾಯಕ್ ಮತ್ತು ಸಚಾನ್ 1993ರಲ್ಲಿ, ಆ ವಾದ ಬಂದಿದ್ದ ಪತ್ರಿಕೆಯಲ್ಲೇ, ಅದನ್ನು ಅಲ್ಲಗಳೆದರು. ಕಲ್ಲಿನಲ್ಲಿರುವುದು ಮುಕ್ತಾಫಲ, ಅಂದರೆ ಮುತ್ತು ಪೋಣಿಸಿದ ಕಾಲ್ಪನಿಕ ಹಣ್ಣು ಎಂಬ ಮಾತೂ ಇದೆ. ನನಗೆ ಮುಕ್ತಾಫಲದ ವಾದವೇ ಸರಿ ಕಾಣುತ್ತದೆ. ಗೈಡಿಗೆ ಹಾಗೆಂದು ಹೇಳಿ ಅವನ ಉತ್ಸಾಹ ಕೆಡಿಸುವ ಮನಸ್ಸು ಮಾತ್ರ ಬರುವುದಿಲ್ಲ.

ಗುಡಿಯ ಆವರಣ ದಾಟಿ ಹೊಲದ ಕಡೆ ನಡೆದರೆ ವಾದಕ್ಕೆ ಎಡೆಯೇ ಇಲ್ಲ. ಅಲ್ಲಿರುವುದು ಅಮೆರಿಕದ ಜೋಳವೇ, ಅದರ ಸುಳಿಯೊಳಗೆ ಕೂತು ತಿನ್ನುತ್ತಿರುವುದೂ ಅಮೆರಿಕದ ಹುಳುವೇ. ತಲೆಯ ಮೇಲೆ ತಲೆಕೆಳಗಾದ ಕವೆಗೋಲಿನ ಗುರುತು, ಬಾಲದ ಹತ್ತಿರ ಚೌಕಾಕಾರದಲ್ಲಿ ನಾಲ್ಕು ಕಪ್ಪು ಚುಕ್ಕೆ ಇದ್ದರೆ ಅದು ಫಾಲ್ ಸೈನಿಕ ಹುಳು. ಬೆಳೆ ಬಂದು ಕೆಲವು ಶತಮಾನಗಳಾದರೂ ಹುಳು ಬಂದಿರಲಿಲ್ಲ. 2016ರಲ್ಲಿ ಅದು ಆಫ್ರಿಕದಲ್ಲಿ ಕಾಣಿಸಿತು. 2018ರ ಮೇ ತಿಂಗಳಲ್ಲಿ ಭಾರತದಲ್ಲೇ ಮೊದಲ ಬಾರಿಗೆ ಶಿವಮೊಗ್ಗದಲ್ಲಿ ಕೃಷಿ ಕಾಲೇಜಿನ ಕೀಟತಜ್ಞರ ಕಣ್ಣಿಗೆ ಬಿತ್ತು. ಅಲ್ಲಿಂದ ಹಾಸನದ ಹೊಲಗಳಿಗೆ ಬರಲು ಅದಕ್ಕೆ ಲಾರಿ ಬೇಕಾಗಲಿಲ್ಲ. ಈ ಹುಳುವಿನ ಪತಂಗ ಗಾಳಿ ಅನುಕೂಲವಾದರೆ ಒಂದೇ ರಾತ್ರಿಯಲ್ಲಿ ನೂರು ಕಿಲೋಮೀಟರ್ ಹಾರಬಲ್ಲದು. 2020ರ ಆರಂಭಕ್ಕೆ ಅದು ಆಸ್ಟ್ರೇಲಿಯ ಮುಟ್ಟಿತ್ತು. ವಿಮಾನದಿಂದ ಇಳಿದವರ ಬೂಟಿನ ಮಣ್ಣನ್ನೂ ಬಿಡದೆ ನೋಡುವ ದೇಶ ಅದು.

ಗಡಿಯಲ್ಲಿ ತಡೆದು ನಿಲ್ಲಿಸುವ ಈ ವ್ಯವಸ್ಥೆಯ ಹೆಸರು ಕ್ವಾರಂಟೈನ್. 2020ಕ್ಕೆ ಮುಂಚೆ ಈ ಪದವನ್ನು ಬಂದರಿನವರು ಮತ್ತು ಸಸ್ಯರೋಗ ಓದಿದವರು ಬಿಟ್ಟರೆ ಯಾರೂ ಆಡುತ್ತಿರಲಿಲ್ಲ. ಆಮೇಲೆ ಊರೂರಿನಲ್ಲಿ ಕೈ ಮೇಲೆ ಮುದ್ರೆ ಬಿತ್ತು, ಪದ ಮನೆಮಾತಾಯಿತು. ಗಿಡಗಳಿಗೆ ಮಾತ್ರ ಈ ಮುದ್ರೆ ನೂರು ವರ್ಷ ಹಳೆಯದು. 1906ರಲ್ಲಿ ಬ್ರಿಟಿಷ್ ಸರ್ಕಾರ ಹೊರದೇಶದಿಂದ ಬರುವ ಹತ್ತಿಯ ಬೇಲುಗಳಿಗೆ ವಿಷದ ಹೊಗೆ ಹಾಕಿಸಲು ಶುರುಮಾಡಿತು. ಭಯ ಇದ್ದದ್ದು ಮೆಕ್ಸಿಕೋದ ಕಾಯಿ ಮೂತಿಹುಳುವಿನದು. 1914ರಲ್ಲಿ ನಾಶಕಾರಿ ಕೀಟ ಮತ್ತು ಪೀಡೆಗಳ ಕಾಯ್ದೆ ಬಂತು. ಈಗ ನಡೆಯುತ್ತಿರುವ 2003ರ ಸಸ್ಯ ಕ್ವಾರಂಟೈನ್ ಆದೇಶ ಆ ಹಳೆಯ ಕಾಯ್ದೆಯ ಬುಡದ ಮೇಲೆಯೇ ನಿಂತಿದೆ. ಆ ಮೂತಿಹುಳು ಇವತ್ತಿಗೂ ಭಾರತದ ಹತ್ತಿಯಲ್ಲಿಲ್ಲ. ಬಾರದೇ ಇದ್ದ ಹುಳುವಿಗೆ ಯಾರೂ ಹಾರ ಹಾಕುವುದಿಲ್ಲವಾದ್ದರಿಂದ ಈ ಗೆಲುವು ಯಾರಿಗೂ ಗೊತ್ತಿಲ್ಲ.

ನಿಯಮ ಬಿಗಿ ಇರಬೇಕೇ, ಸಡಿಲ ಇರಬೇಕೇ ಎಂದು ವರ್ತಕರನ್ನು ಕೇಳಿದರೆ, ಬಂದರಿನಲ್ಲಿ ನಿಂತ ಕಂಟೇನರಿನ ದಿನದ ಬಾಡಿಗೆಯಿಂದ ಮಾತು ಶುರುಮಾಡುತ್ತಾರೆ. ರೈತರನ್ನು ಕೇಳಿದರೆ ಹೋದ ವರ್ಷದ ನಷ್ಟದಿಂದ. ಇಬ್ಬರದೂ ಸುಳ್ಳಲ್ಲ. ಆದರೆ ಅರಸೀಕೆರೆಯಿಂದ ಹಳೇಬೀಡು ಹಾದು ಬೇಲೂರಿಗೆ ಹೋಗುವ ರಸ್ತೆಯಲ್ಲಿ ತೆಂಗು, ಜೋಳ, ಆಲೂಗಡ್ಡೆ, ಕಾಫಿ, ಮೆಣಸು ಒಂದರ ಹಿಂದೆ ಒಂದು ಬರುತ್ತವೆ. ಇವುಗಳನ್ನು ಬಾಧಿಸುವ ಪೀಡೆಗಳ ಜಾತಕ ತೆಗೆದು ನೋಡಿದರೆ, ಬಿಗಿ-ಸಡಿಲ ಎನ್ನುವುದಕ್ಕಿಂತ ಬೇರೆಯದೇ ಪ್ರಶ್ನೆ ಏಳುತ್ತದೆ: ಒಳಗೆ ಬರುತ್ತಿರುವ ಸರಕು ಮೊಳೆಯುತ್ತದೋ, ಇಲ್ಲವೋ?

ಇದನ್ನು ಮೊದಲು ಅರಿತವರು ಅರಬ್ಬರು. ಕಾಫಿ ಬೀಜ ಯೆಮೆನ್ ಬಿಟ್ಟು ಹೊರಡುವಾಗ ಬೇಯಿಸಿರಬೇಕು, ಇಲ್ಲವೇ ಹುರಿದಿರಬೇಕು ಎಂಬ ಕಟ್ಟಳೆ ಇತ್ತೆಂದು ಹೇಳುತ್ತಾರೆ. ರೋಗದ ಭಯ ಅದಕ್ಕೆ ಕಾರಣವಲ್ಲ, ಶುದ್ಧ ವ್ಯಾಪಾರ. ಬೇರೆಯವರ ನೆಲದಲ್ಲಿ ಕಾಫಿ ಮೊಳೆಯಬಾರದು, ಅಷ್ಟೆ. 17ನೇ ಶತಮಾನದಲ್ಲಿ ಬಾಬಾಬುಡನ್ ಏಳು ಹಸಿ ಬೀಜಗಳನ್ನು ಬಚ್ಚಿಟ್ಟುಕೊಂಡು ತಂದು ಚಂದ್ರದ್ರೋಣ ಬೆಟ್ಟದಲ್ಲಿ ನೆಟ್ಟರು ಎಂಬ ಕಥೆ ಬೇಲೂರಿನ ಆಚೆಯ ಪ್ರತಿ ತೋಟದಲ್ಲೂ ಕೇಳಿಸುತ್ತದೆ. ಇಂದಿನ ಲೆಕ್ಕದಲ್ಲಿ ಆ ಸಂತರದು ಕ್ವಾರಂಟೈನ್ ಉಲ್ಲಂಘನೆ! ಆದರೆ ನಮ್ಮ ಅದೃಷ್ಟ ನೋಡಿ. ಬೀಜ ಬಂತು, ರೋಗ ಬರಲಿಲ್ಲ. ಎಲೆಯ ಅಡಿಯಲ್ಲಿ ಕಿತ್ತಳೆ ಪುಡಿ ಬಳಿದಂತೆ ಕಾಣುವ ತುಕ್ಕುರೋಗ 1869ರಲ್ಲಿ ಸಿಲೋನಿನಲ್ಲಿ ಸಿಕ್ಕಿಬಿದ್ದು ನಮ್ಮ ಮಲೆನಾಡಿಗೆ ದಾಟಿತು. ಅದು ಎಲೆಯ ರೋಗ. ಒಣ ಬೀಜ ಅದಕ್ಕೆ ಒಳ್ಳೆಯ ವಾಹನವಲ್ಲ, ಬೇರುಸಹಿತ ಸಸಿ ಒಳ್ಳೆಯ ವಾಹನ. ಸಿಲೋನು ಕೊನೆಗೆ ಕಾಫಿ ಬಿಟ್ಟು ಚಹಾ ಹಿಡಿಯಿತು. ನಾವು ತಳಿ ಬದಲಿಸುತ್ತಾ ಕಾಫಿಯಲ್ಲೇ ಉಳಿದೆವು.

ತಳಿ ಬದಲಿಸುವುದಕ್ಕೂ ಹೊರಗಿನ ಗಿಡ ಬೇಕು. ರೋಗ ಬಾರದಂತೆ ಗಿಡ ತರುವುದು ಹೇಗೆ? ಇದಕ್ಕೆ ಸಿಕ್ಕ ಉಪಾಯ ನನಗೆ ಬಹಳ ಇಷ್ಟ. 1955ರಲ್ಲಿ ಪೋರ್ಚುಗಲ್ಲಿನ ಓಯ್ರಾಸ್ ಎಂಬಲ್ಲಿ ಕಾಫಿ ತುಕ್ಕುರೋಗದ ಸಂಶೋಧನಾ ಕೇಂದ್ರ ತೆರೆದರು. ಅಲ್ಲಿ ಕಾಫಿ ಬೆಳೆಯುವುದೇ ಇಲ್ಲ! ಅದಕ್ಕೇ ಆ ಜಾಗ. ಜಗತ್ತಿನ ಎಲ್ಲ ತುಕ್ಕುಗಳನ್ನೂ ಅಲ್ಲಿಗೆ ತಂದು ಗಾಜಿನ ಮನೆಯೊಳಗೆ ಬೆಳೆಸಿದರೂ, ಕಿಟಕಿಯಿಂದ ತಪ್ಪಿಸಿಕೊಂಡ ಬೂಷ್ಟಿಗೆ ಹೊರಗೆ ಒಂದು ಕಾಫಿ ಎಲೆಯೂ ಸಿಗದು. ಇವತ್ತು ಬೇಲೂರು ಸೀಮೆಯ ತೋಟಗಳಲ್ಲಿ ಕಾವೇರಿ ಎಂದು ಕರೆಯುವ ಕಟಿಮೋರ್ ಗಿಡದ ವಂಶವೃಕ್ಷ ಆ ಕೇಂದ್ರದ ಮೂಲಕವೇ ಬಂದದ್ದು. ಗೋಡೆ ಕಟ್ಟುವುದರ ಜೊತೆಗೆ ಬಾಗಿಲನ್ನು ಎಲ್ಲಿ ಇಡಬೇಕು ಎಂಬ ವಿದ್ಯೆಯೂ ಕ್ವಾರಂಟೈನ್‌ನ ಭಾಗ.

ಕೀನ್ಯಾದಲ್ಲಿ 1922ರಲ್ಲಿ ಗುರುತಾದ ಕಾಫಿ ಕಾಯಿ ರೋಗ ಇನ್ನೂ ಆಫ್ರಿಕ ಬಿಟ್ಟು ಹೊರಗೆ ಬಂದಿಲ್ಲ. ತಂಪಾದ ಎತ್ತರದ ಜಾಗದ ಅರೇಬಿಕದ ಹಸಿರು ಕಾಯಿಯನ್ನು ಕಪ್ಪಾಗಿಸಿ ಒಣಗಿಸುವ ಈ ಶಿಲೀಂಧ್ರಕ್ಕೆ ನಮ್ಮ ಘಟ್ಟಗಳ ಹವೆ ಹೇಳಿ ಮಾಡಿಸಿದಂತಿದೆ. ನಮ್ಮ ಇನ್‌ಸ್ಟಂಟ್ ಕಾಫಿ ಕಾರ್ಖಾನೆಗಳು ಪುಡಿ ಮಾಡಿ ಮರುರಫ್ತು ಮಾಡಲು ಆಫ್ರಿಕದಿಂದಲೂ ಹುರಿಯದ ಬೀಜ ತರಿಸುತ್ತವೆ. ಬೆಳೆಗಾರರ ಸಂಘಗಳು ಇದಕ್ಕೆ ಅಸಮಾಧಾನ ತೋರಿದಾಗಲೆಲ್ಲ ಬೆಲೆ ಕುಸಿತದ ಭಯ ಎಷ್ಟು, ರೋಗದ ಭಯ ಎಷ್ಟು ಎಂದು ಬಿಡಿಸಿ ಹೇಳುವುದು ಕಷ್ಟ. ಬೀಜಕ್ಕೆ ಹೊಗೆ ಹಾಕಿ, ಕಾರ್ಖಾನೆಯ ಹುರಿಯುವ ಡ್ರಮ್ಮಿಗೆ ನೇರ ಹೋಗುವ ಹಾಗಿದ್ದರೆ ಅಪಾಯ ಕಡಿಮೆ. ಅದೇ ಬೀಜ ದಾರಿಯಲ್ಲಿ ತೋಟದ ಚೀಲಕ್ಕೆ ಸೇರಿದರೆ ಕಥೆ ಬೇರೆ. ಇಲ್ಲಿ ನನ್ನ 'ಮೊಳೆಯುವ ಸರಕು' ಸಿದ್ಧಾಂತವೂ ಸ್ವಲ್ಪ ಕುಂಟುತ್ತದೆ ಎಂದು ಒಪ್ಪಿಕೊಳ್ಳಬೇಕು. ಆಫ್ರಿಕ ಮೂಲದ ಕಾಯಿಕೊರಕ, ಬೆಳೆಗಾರರ ಬಾಯಲ್ಲಿ ಬೆರಿ ಬೋರರ್, 1990ರಲ್ಲಿ ನೀಲಗಿರಿಯ ಗೂಡಲೂರಿನಲ್ಲಿ ಕಾಣಿಸಿತು. ಎರಡು ಮಿಲಿಮೀಟರ್ ಕೂಡ ಇಲ್ಲದ ಕರಿ ದುಂಬಿ. ಅದು ಬೀಜದ ಒಳಗೇ ಸಂಸಾರ ಹೂಡುತ್ತದೆ. ಬೀಜ ಮೊಳೆಯಬೇಕಾಗಿಲ್ಲ, ಸರಿಯಾಗಿ ಒಣಗದೆ ಇದ್ದರೆ ಸಾಕು. ಗೂಡಲೂರಿನಿಂದ ಕೊಡಗು, ಅಲ್ಲಿಂದ ಮುಂದೆ ಅದು ಬಂದ ದಾರಿಯಲ್ಲಿ ಗೋಣಿಚೀಲದ ಪಾಲು ದೊಡ್ಡದು. ಒಬ್ಬರ ಕಣದಿಂದ ಇನ್ನೊಬ್ಬರ ಕಣಕ್ಕೆ ಹೋಗುವ ಖಾಲಿ ಚೀಲಕ್ಕೆ ಚೆಕ್‌ಪೋಸ್ಟು ಎಲ್ಲಿದೆ?

ಮೆಣಸಿನ ವಿಷಯಕ್ಕೆ ಬಂದರೆ ಕ್ವಾರಂಟೈನ್ ಎಂಬ ಕತ್ತಿಯ ಇನ್ನೊಂದು ಅಲಗು ಕಾಣುತ್ತದೆ. ಬೇಲೂರು, ಸಕಲೇಶಪುರದ ಕಾಫಿ ತೋಟಗಳಲ್ಲಿ ಸಿಲ್ವರ್ ಓಕ್ ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿಯೇ ಎಷ್ಟೋ ಮನೆಗಳ ಮದುವೆ ಖರ್ಚು ಕಳೆದದ್ದು. 2017ರ ಮಾರ್ಚ್‌ನಲ್ಲಿ ವಿಯೆಟ್ನಾಂ, ಕಾಳಿನಲ್ಲಿ ಕೊರಕ ಹುಳು ಸಿಕ್ಕಿತೆಂದು ಭಾರತದ ಕಡಲೆಕಾಯಿ, ಹುಣಸೆ ಮುಂತಾದವನ್ನು ತಡೆಯಿತು. ಅದೇ ತಿಂಗಳು ಭಾರತ ವಿಯೆಟ್ನಾಮಿನ ಕಾಫಿ, ಕಾಳುಮೆಣಸು, ದಾಲ್ಚಿನ್ನಿ, ಬಿದಿರು, ಡ್ರ್ಯಾಗನ್ ಹಣ್ಣುಗಳನ್ನು ತಡೆಯಿತು. ಎರಡೂ ಕಡೆ ಕಾಗದದಲ್ಲಿ ಬರೆದದ್ದು ಕೀಟದ ಹೆಸರು. ತಿಂಗಳೊಂದರಲ್ಲಿ ಎರಡೂ ದೇಶದ ಹುಳುಗಳು ಒಟ್ಟಿಗೆ ಜಾಗೃತವಾದವೆಂದು ನಂಬಲು ಬಹಳ ಮುಗ್ಧತೆ ಬೇಕು. ಮಾತುಕತೆ ನಡೆದು ವ್ಯಾಪಾರ ಮತ್ತೆ ಶುರುವಾಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಮೆಣಸಿಗೆ ಕಿಲೋಗೆ 500 ರೂಪಾಯಿ ಕನಿಷ್ಠ ಆಮದು ಬೆಲೆ ಗೊತ್ತುಮಾಡಿತು. ಅದು ಒಳ್ಳೆಯದೋ ಕೆಟ್ಟದ್ದೋ ಬೇರೆ ಮಾತು. ಬೆಲೆಯ ಜಗಳವನ್ನು ಬೆಲೆಯ ಹೆಸರಿನಲ್ಲೇ ಆಡಿದ್ದರಿಂದ ಅದರಲ್ಲಿ ಪ್ರಾಮಾಣಿಕತೆ ಇದೆ. ಹುಳುವಿನ ಹೆಸರಿನಲ್ಲಿ ಬೆಲೆಯ ಜಗಳ ಆಡುತ್ತಾ ಹೋದರೆ, ನಿಜವಾದ ಹುಳು ಬಂದ ದಿನ ನಮ್ಮ ಮಾತನ್ನು ಯಾರೂ ನಂಬುವುದಿಲ್ಲ.

ವಿಶ್ವ ವ್ಯಾಪಾರ ಸಂಘಟನೆ 1995ರಿಂದ ಹೇಳುತ್ತಿರುವುದೂ ಇಷ್ಟೇ: ತಡೆಯಿರಿ, ಆದರೆ ವಿಜ್ಞಾನದ ಆಧಾರ ತೋರಿಸಿ, ಬೇಕಾದ್ದಕ್ಕಿಂತ ಹೆಚ್ಚು ತಡೆಯಬೇಡಿ. ನ್ಯೂಜಿಲೆಂಡಿನ ಸೇಬನ್ನು ಆಸ್ಟ್ರೇಲಿಯ 1921ರಲ್ಲಿ ತಡೆಯಿತು, ಆ ಜಗಳದಲ್ಲಿ 2010ರಲ್ಲಿ ಸೋತಿತು. ಹಕ್ಕಿಜ್ವರದ ಕಾರಣಕ್ಕೆ ಅಮೆರಿಕದ ಕೋಳಿಯನ್ನು ತಡೆದ ನಾವೂ 2015ರಲ್ಲಿ ಅಂತಿಮವಾಗಿ ಸೋತೆವು. ಅದಕ್ಕೆ ಒಂದು ವರ್ಷ ಮುಂಚೆ ನಾವೇ ಆಚೆ ದಡದಲ್ಲಿ ನಿಂತಿದ್ದೆವು. 2014ರಲ್ಲಿ ಯುರೋಪು ನಮ್ಮ ಮಾವಿನ ಹಣ್ಣು, ಬದನೆ, ಹಾಗಲ, ಪಡವಲ, ಕೆಸುವನ್ನು ಹಣ್ಣುನೊಣ ಮುಂತಾದ ಕೀಟಗಳ ಕಾರಣಕ್ಕೆ ನಿಲ್ಲಿಸಿತು. ಆಗ ನಮ್ಮ ಪತ್ರಿಕೆಗಳಲ್ಲಿ ಅದು ಅನ್ಯಾಯವೆಂಬ ಬರಹಗಳು ಬಂದವು. ನಮ್ಮ ಪ್ಯಾಕಿಂಗ್ ಶೆಡ್ಡುಗಳು ಸುಧಾರಿಸಿದ ಮೇಲೆ 2015ರ ಆರಂಭದಲ್ಲಿ ಮಾವಿನ ದಾರಿ ತೆರೆಯಿತು.

ಇನ್ನು ಅರಸೀಕೆರೆ. ಇಲ್ಲಿಯ ಅಟ್ಟದ ಮೇಲೆ ಕಾಯಿ ಹನ್ನೊಂದು ತಿಂಗಳು ಮಲಗಿ ಉಂಡೆ ಕೊಬ್ಬರಿಯಾಗುತ್ತದೆ. ಅಟ್ಟದಿಂದ ಇಳಿಸಿದ ಕಾಯಿಯನ್ನು ಅಲ್ಲಾಡಿಸಿ ಒಳಗಿನ ಗುಡುಗುಡು ಕೇಳಿ ಗುಣ ಹೇಳುವ ಹಿರಿಯರು ಇನ್ನೂ ಇದ್ದಾರೆ. ಆ ಹಿರಿಯರು ಕಾಲ ಎಣಿಸುವುದು 'ನುಸಿ ಬರೋಕೆ ಮುಂಚೆ, ನುಸಿ ಬಂದ ಮೇಲೆ' ಎಂದು. ಕಾಲು ಮಿಲಿಮೀಟರಿನಷ್ಟೂ ಉದ್ದವಿಲ್ಲದ, ನಾಲ್ಕೇ ಕಾಲಿನ ಈ ಜೀವಿ ಕಣ್ಣಿಗೆ ಕಾಣದು. ಎಳೆ ಕಾಯಿಯ ತೊಟ್ಟಿನ ಟೋಪಿಯಂಥ ಎಸಳಿನ ಕೆಳಗೆ ಸೇರಿ ರಸ ಹೀರುತ್ತದೆ. ಕಾಯಿ ದೊಡ್ಡದಾಗುತ್ತಾ ಬಂದಂತೆ ಗಾಯ ಕಂದಾಗಿ ಬಿರಿದು, ಮಟ್ಟೆ ಗಟ್ಟಿಯಾಗಿ ಅಂಟಿಕೊಂಡು, ಸುಲಿಯುವವನ ಕೈ ಸೋಲುತ್ತದೆ. ಒಳಗೆ ಕೊಬ್ಬರಿ ಸಣ್ಣ. ಮೆಕ್ಸಿಕೋದ ಗೆರೆರೊ ರಾಜ್ಯದ ಮಾದರಿಯಿಂದ 1965ರಲ್ಲಿ ಇದಕ್ಕೆ ವೈಜ್ಞಾನಿಕ ಹೆಸರು ಬಿತ್ತು. 1997ರ ಕೊನೆಗೆ ಶ್ರೀಲಂಕಾ, 1998ರಲ್ಲಿ ಕೇರಳದ ಎರ್ನಾಕುಲಂ, ಅಲ್ಲಿಂದ ಗಾಳಿಯಲ್ಲಿ ತೇಲಿ, ಎಳನೀರು ಗೊನೆಗಳ ಜೊತೆ ಲಾರಿ ಏರಿ ನಮ್ಮ ತೋಟ. ಬೇವಿನೆಣ್ಣೆ, ಬೆಳ್ಳುಳ್ಳಿ, ಸೋಪಿನ ಮಿಶ್ರಣ ಸಿಂಪಡಿಸಿ ಎಂದರು. ಐವತ್ತು ಅಡಿ ಮರದ ತುದಿಯಲ್ಲಿ, ಪ್ರತಿ ಗೊನೆಗೆ, ವರ್ಷಕ್ಕೆ ಮತ್ತೆ ಮತ್ತೆ! ಹೇಳಿದವರೆಲ್ಲ ನೆಲದ ಮೇಲೆ ನಿಂತೇ ಹೇಳಿದರು.

ಈ ನುಸಿಯ ವಂಶವಾಹಿಯನ್ನು ಓದಿದ ಸಂಶೋಧಕರು 2005ರಲ್ಲಿ ಒಂದು ವಿಚಿತ್ರ ಹೇಳಿದರು. ಬ್ರೆಜಿಲ್ಲಿನ ನುಸಿಗಳಲ್ಲಿ ಬಗೆಬಗೆಯ ವಂಶಗಳಿವೆ. ಆಫ್ರಿಕ, ಏಷ್ಯಾದ ನುಸಿಗಳೋ ಹೆಚ್ಚುಕಡಿಮೆ ಒಂದೇ ಅಚ್ಚು. ಅಂದರೆ ಅಟ್ಲಾಂಟಿಕ್ ದಾಟಿ ಬಂದದ್ದು ಒಂದು ಪುಟ್ಟ ಗುಂಪು, ಬಹುಶಃ ಒಂದೇ ಸಲ. ಕೋಟಿಗಟ್ಟಲೆ ಮರಗಳ ಹಣೆಬರಹ ಯಾವುದೋ ಬಂದರಿನಲ್ಲಿ ಯಾರೂ ನೋಡದ ಒಂದಿಷ್ಟು ಕಾಯಿ ಅಥವಾ ಸಸಿಯಿಂದ ಬರೆದುಹೋಯಿತು.

ತೆಂಗಿನಲ್ಲಿ ಕ್ವಾರಂಟೈನ್ ಗೆದ್ದದ್ದೂ ಉಂಟು. ಫಿಲಿಪ್ಪೀನ್ಸಿನಲ್ಲಿ ಕದಂಗ್-ಕದಂಗ್ ಎಂಬ ರೋಗ ಕೋಟಿಗಟ್ಟಲೆ ಮರ ಕೊಂದಿದೆ. ಅದನ್ನು ತರುವ ವೈರಾಯ್ಡ್ ಬರೀ 246 ಅಕ್ಷರಗಳ ಒಂದು ಆರ್‌ಎನ್‌ಎ ಉಂಗುರ. ಈ ಪ್ಯಾರಾ ಅದಕ್ಕಿಂತ ಉದ್ದ. ಯಾವ ಔಷಧಿಯೂ ಇಲ್ಲ. ಇದರ ಭಯದಿಂದಲೇ ಹೊರದೇಶದ ತೆಂಗಿನ ತಳಿಯನ್ನು ನಮ್ಮಲ್ಲಿ ಕಾಯಿಯಾಗಿ ತರುವುದು ತಪ್ಪಿದೆ. ಕಾಯಿಯೊಳಗಿನ ಭ್ರೂಣವನ್ನಷ್ಟೇ ಬಿಡಿಸಿ ಗಾಜಿನ ನಳಿಕೆಯಲ್ಲಿ ತಂದು ಬೆಳೆಸುವ ವಿಧಾನವಿದೆ. ಹಿಂದೆ ಪೆಸಿಫಿಕ್ ದ್ವೀಪಗಳಿಂದ ತಂದ ತಳಿಗಳನ್ನು ಮುಖ್ಯ ನೆಲಕ್ಕೆ ಮುಟ್ಟಿಸದೆ ಅಂಡಮಾನಿನಲ್ಲಿ ನೆಟ್ಟರು. ಕಾಸರಗೋಡಿನ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ (ಸಿಪಿಸಿಆರ್‌ಐ) ನೋಡಿಕೊಳ್ಳುವ ದಕ್ಷಿಣ ಕನ್ನಡದ ಕಿದುವಿನ ತೆಂಗಿನ ಜೀನ್ ಬ್ಯಾಂಕ್ ಕೂಡ ಇಂಥ ಎಚ್ಚರದ ಕೂಸು. ಕದಂಗ್-ಕದಂಗ್ ಈವರೆಗೆ ಅರಸೀಕೆರೆಯ ಯಾರ ಬಾಯಲ್ಲೂ ಇಲ್ಲ. ಇಲ್ಲದಿರಲಿ.

2016ರಲ್ಲಿ ಪೊಳ್ಳಾಚಿ, ಪಾಲಕ್ಕಾಡಿನ ತೆಂಗಿನಲ್ಲಿ ಕಾಣಿಸಿದ ಸುರುಳಿ ಬಿಳಿನೊಣ ಮಧ್ಯ ಅಮೆರಿಕದ್ದು. ಅದು ಸುರಿಸುವ ಅಂಟಿನ ಮೇಲೆ ಕಪ್ಪು ಬೂಷ್ಟು ಬೆಳೆದು ಗರಿಗಳು ಮಸಿ ಬಳಿದಂತಾಗುತ್ತವೆ. ತಮಾಷೆಯೆಂದರೆ ಅದರ ಮರಿಯೊಳಗೆ ಮೊಟ್ಟೆ ಇಟ್ಟು ಕೊಲ್ಲುವ ಎನ್ಕಾರ್ಸಿಯಾ ಎಂಬ ಪುಟ್ಟ ಕಣಜವೂ ನಮ್ಮ ತೋಟಗಳಲ್ಲಿ ಸಿಕ್ಕಿತು, ಯಾವ ಪರವಾನಗಿಯೂ ಇಲ್ಲದೆ! ಔಷಧಿ ಹೊಡೆದು ಕಣಜ ಕೊಲ್ಲಬೇಡಿ ಎಂದು ವಿಜ್ಞಾನಿಗಳು ಹೇಳಬೇಕಾಯಿತು. ಪರವಾನಗಿ ಪಡೆದು ಬಂದ ಕಣಜದ ಕಥೆಯೂ ಇದೆ. 2008ರಲ್ಲಿ ಕೊಯಮತ್ತೂರಿನಲ್ಲಿ ಕಂಡ ಪಪ್ಪಾಯಿ ಹಿಟ್ಟು ತಿಗಣೆ ನಮ್ಮ ಹಿಪ್ಪುನೇರಳೆಗೂ ಹತ್ತಿತು. ಅದರ ಶತ್ರು ಕಣಜ 2010ರಲ್ಲಿ ಪೋರ್ಟೊ ರಿಕೋದಿಂದ ಬೆಂಗಳೂರಿನ ಕೀಟ ಸಂಶೋಧನಾ ಸಂಸ್ಥೆಗೆ ಬಂದು, ಪರೀಕ್ಷೆ ಮುಗಿಸಿ ಹೊಲ ಸೇರಿದ ಮೇಲೆ ತಿಗಣೆ ಅಡಗಿತು. ನಡುವೆ ಎರಡು ವರ್ಷ ಹೋಯಿತು. ಬಿಗಿ ನಿಯಮದ ಪರವಾಗಿರುವ ನನ್ನಂಥವನಿಗೂ ಆ ಎರಡು ವರ್ಷ ಚುಚ್ಚುತ್ತದೆ.

ಮತ್ತೆ ಹಳೇಬೀಡಿಗೆ, ಆಲೂಗಡ್ಡೆಗೆ. ಹಾಸನ ಜಿಲ್ಲೆಯಲ್ಲಿ ಮುಂಗಾರಿನ ಮೊದಲ ಮಳೆಗೆ ಬಿತ್ತುವ ಆಲೂಗಡ್ಡೆಯ ಬೀಜ ಇಲ್ಲಿಯದಲ್ಲ. ಪಂಜಾಬಿನ ಜಲಂಧರಿನಿಂದ ಲಾರಿಗಳಲ್ಲಿ ಬರುತ್ತದೆ. ತಳಿ ಬಹುಪಾಲು ಕುಫ್ರಿ ಜ್ಯೋತಿ, 1968ರಲ್ಲಿ ಅಂಗಮಾರಿ ತಡೆಯುವ ತಳಿಯೆಂದೇ ಹೆಸರು ಮಾಡಿ ಹೊರಬಂದದ್ದು. ಅಂಗಮಾರಿಯೆಂದರೆ 1845ರಲ್ಲಿ ಐರ್ಲೆಂಡಿಗೆ ಕ್ಷಾಮ ತಂದ ಅದೇ ಫೈಟಾಫ್ತೊರ ರೋಗಾಣು. ಭಾರತಕ್ಕೆ ಅದು ಹೊಸದಲ್ಲ, 1870-80ರ ನಡುವೆಯೇ ನೀಲಗಿರಿಯಲ್ಲಿತ್ತು. ಹಾಗಿದ್ದರೆ 2009ರ ಸುಮಾರಿಗೆ ಹಾಸನದ ಹೊಲಗಳು ರಾತ್ರೋರಾತ್ರಿ ಬೆಂದ ಸೊಪ್ಪಿನಂತೆ ಕುಸಿದದ್ದು ಯಾಕೆ? ವಾಡಿಕೆಯ ಮೆಟಲಾಕ್ಸಿಲ್ ಔಷಧಿ ಹೊಡೆದರೂ ನಿಲ್ಲಲಿಲ್ಲ ಯಾಕೆ?

ಬೆಂಗಳೂರಿನ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಚೌಡಪ್ಪ ಮತ್ತು ಸಂಗಡಿಗರು ದಕ್ಷಿಣ ಭಾರತದ ಟೊಮೆಟೊ, ಆಲೂಗಡ್ಡೆಯ ರೋಗಾಣುಗಳ ವಂಶ ಪತ್ತೆ ಮಾಡಿ 2013 ಮತ್ತು 2015ರಲ್ಲಿ ಪ್ರಕಟಿಸಿದರು. ಹಳೆಯ ವಂಶ ಹೆಚ್ಚುಕಡಿಮೆ ಮಾಯ. ಅದರ ಜಾಗದಲ್ಲಿ 13_ಎ2 ಎಂಬ ಹೊಸ ವಂಶ, ಮೆಟಲಾಕ್ಸಿಲ್‌ಗೆ ಜಗ್ಗದ್ದು. ಇದು ಅದಕ್ಕೆ ಕೆಲವೇ ವರ್ಷ ಮೊದಲು ಯುರೋಪನ್ನು ಆಕ್ರಮಿಸಿದ್ದ ವಂಶ. ಅಲ್ಲಿಂದ ತರಿಸಿದ ಬಿತ್ತನೆ ಗಡ್ಡೆಯೊಂದಿಗೆ ಬಂದಿರಬಹುದೆಂದು ಅವರು ಊಹಿಸಿದರು.

ನಿಯಮ ಪುಸ್ತಕದ ಕುರುಡು ಇರುವುದು ಇಲ್ಲೇ. ತಡೆಯಬೇಕಾದ ಪೀಡೆಗಳ ಪಟ್ಟಿಯಲ್ಲಿ ಇರುವುದು ಜಾತಿಯ ಹೆಸರು. ಆ ಜಾತಿ ದೇಶದಲ್ಲಿ ಆಗಲೇ ಇದ್ದರೆ ತಡೆಯಲು ಕಾರಣ ಕೊಡುವುದು ಕಷ್ಟ. ರೋಗಕ್ಕೆ ಜಾತಿಯ ಹೆಸರು ಲೆಕ್ಕಕ್ಕಿಲ್ಲ. ಹೊಲ ಸುಡುವುದು ವಂಶ. ಕೃಷಿಯ ಜೈವಿಕ ಸುರಕ್ಷತೆಗೆಂದೇ ಒಂದು ಹೊಸ ಮಸೂದೆ 2013ರಲ್ಲಿ ಲೋಕಸಭೆಗೆ ಬಂದಿತ್ತು. ಮರುವರ್ಷ ಸಭೆಯ ಅವಧಿ ಮುಗಿದು ಅದೂ ಬಿದ್ದುಹೋಯಿತು.

ಒಳನಾಡಿನ ಕಥೆ ಇನ್ನೂ ವಿಚಿತ್ರ. 1961ರಲ್ಲಿ ನೀಲಗಿರಿಯಲ್ಲಿ ಆಲೂಗಡ್ಡೆಯ ಬೇರಿಗೆ ಅಂಟಿ ಬೆಳೆಯುವ ಸಿಸ್ಟ್ ಜಂತು ಸಿಕ್ಕಾಗ ಅಲ್ಲಿಯ ಬಿತ್ತನೆ ಗಡ್ಡೆ ಹೊರಗೆ ಹೋಗದಂತೆ ಕಟ್ಟು ಹಾಕಿದರು. 2018ರಲ್ಲಿ ಅದೇ ಜಂತಿನ ಕಾರಣಕ್ಕೆ ಹಿಮಾಚಲ, ಉತ್ತರಾಖಂಡ, ಜಮ್ಮು-ಕಾಶ್ಮೀರದ ಬಿತ್ತನೆ ಗಡ್ಡೆಗೂ ಕಟ್ಟು ಬಿತ್ತು. ಕುಫ್ರಿ ಇರುವುದು ಹಿಮಾಚಲದಲ್ಲಿ. ಇಡೀ ದೇಶದ ಆಲೂಗಡ್ಡೆಗೆ ತನ್ನ ಹೆಸರು ಕೊಟ್ಟ ಊರಿನ ಬೀಜ ಗಡಿ ದಾಟಬಾರದಾಯಿತು. ಅಲ್ಲಿಯ ಬೆಳೆಗಾರರ ಸಂಕಟ ಸಣ್ಣದಲ್ಲ. ಆದರೂ ಒಮ್ಮೆ ಹೊಲಕ್ಕೆ ಬಂದರೆ ಇಪ್ಪತ್ತು ವರ್ಷ ಮಣ್ಣಿನಲ್ಲಿ ಕಾದು ಕೂರಬಲ್ಲ ಜಂತಿಗೆ ಇದಕ್ಕಿಂತ ಮೃದುವಾದ ಕ್ರಮ ನನಗೆ ತೋಚುವುದಿಲ್ಲ. ಮಾರಲು ತಂದ ತಿನ್ನುವ ಗಡ್ಡೆಗೆ ಸಡಿಲ, ನೆಡಲು ತಂದ ಗಡ್ಡೆಗೆ ಕಟ್ಟು: ಯೆಮೆನ್ನಿನವರ ಬೇಯಿಸಿದ ಬೀಜದ ಉಪಾಯ ಇಲ್ಲಿ ರೈತನ ಪರವಾಗಿ ಕೆಲಸ ಮಾಡುತ್ತದೆ.

ಹಾಸನದ ಸೋಮನಹಳ್ಳಿ ಕಾವಲಿನ ತೋಟಗಾರಿಕಾ ಕೇಂದ್ರದಲ್ಲಿ ಅಂಗಾಂಶ ಕೃಷಿಯ ರೋಗಮುಕ್ತ ಗಿಡದ ಕುಡಿ ಚಿವುಟಿ, ಬೇರು ಬರಿಸಿ, ಸಸಿ ಮಾಡಿ ನೆಟ್ಟು ಇಲ್ಲಿಯೇ ಬಿತ್ತನೆ ಗಡ್ಡೆ ತೆಗೆಯುವ ಕೆಲಸ ನಡೆದಿದೆ. ಟೊಮೆಟೊ ಸಸಿ ನೆಟ್ಟಂತೆ ಆಲೂಗಡ್ಡೆ ಸಸಿ ನೆಡುವುದು ನೋಡಲು ಚೆಂದ. ಎಲ್ಲ ಹೊಲಕ್ಕೂ ಸಾಲುವಷ್ಟು ಆಗುವವರೆಗೆ ಲಾರಿ ಬರುತ್ತಲೇ ಇರುತ್ತದೆ.

ಬಿತ್ತನೆಯ ದಿನಗಳಲ್ಲಿ ಮೂಟೆ ಬಿಚ್ಚಿ ಜಗುಲಿಯ ಮೇಲೆ ಸುರಿದುಕೊಂಡು ಮನೆಮಂದಿಯೆಲ್ಲ ಕೂತು, ಕಣ್ಣು ನೋಡಿ ಗಡ್ಡೆ ಹೋಳು ಮಾಡುತ್ತಾರೆ. ಜಲಂಧರಿನಿಂದ ಇಲ್ಲಿಯವರೆಗೆ ಎರಡು ಸಾವಿರ ಕಿಲೋಮೀಟರಿಗೂ ಮಿಕ್ಕ ದಾರಿಯಲ್ಲಿ ಆ ಗಡ್ಡೆಯ ಒಳಗನ್ನು ನೋಡಿದ ಮೊದಲ ಕಣ್ಣು ಬಹುಪಾಲು ಆ ಮನೆಯ ಅಜ್ಜಿಯದೇ. ಒಳಗೆ ಕಂದು ಉಂಗುರ ಕಂಡರೆ, ಹಿಂಡಿದಾಗ ಹಾಲಿನಂಥ ಲೋಳೆ ಬಂದರೆ, ಅದು ದುಂಡಾಣು ಸೊರಗು ರೋಗ. "ಇದು ಬ್ಯಾಡ ಕಣ್ರಪ್ಪ, ಹಸೀನ ಮುಂದಕ್ಕೆ ಹಾಕಿ" ಎಂದು ಅಜ್ಜಿ ಗಡ್ಡೆಯನ್ನು ಅಂಗಳಕ್ಕೆ ಎಸೆಯುತ್ತಾಳೆ. ಕುಡುಗೋಲನ್ನು ಸೆರಗಿಗೆ ಒರೆಸಿಕೊಂಡು ಮುಂದಿನ ಗಡ್ಡೆ ಎತ್ತಿಕೊಳ್ಳುತ್ತಾಳೆ.